ಚೊಚ್ಚಲ ಹೆರಿಗೆಯ ದಾರಿ

ಇದನ್ನು ಬರೆಯಬೇಕೆಂದು ಮೂರು ಸಲ ನೋಟುಬುಕ್ಕು ತೆಗೆದಿದ್ದೇನೆ. ಪ್ರತಿ ಸಲವೂ ಬೇರೇನೋ ಕೆಲಸ ನೆನಪಾಗುತ್ತಿತ್ತು. ಇಷ್ಟು ದಿನ ಮುಂದೂಡಿದ್ದು ಮರೆವಿನಿಂದಲ್ಲ, ನಾಚಿಕೆಯಿಂದ.

ತೊಂಬತ್ತರ ದಶಕದ ಮಾತು. ನಮ್ಮ ಸೊಸೆ ಚೊಚ್ಚಲ ಬಸುರಿ. ತಾಯಿಯಿಲ್ಲದ ಹುಡುಗಿ, ತವರು ಅಂದರೆ ಹಲವಾಗಲಿನಲ್ಲಿದ್ದ ಅಣ್ಣನ ಮನೆ. ಚೊಚ್ಚಲ ಹೆರಿಗೆ ತವರಿನ ಪಾಲು ಎಂಬುದು ನಮ್ಮಲ್ಲಿ ಕಟ್ಟಳೆ. ಏಳನೇ ತಿಂಗಳಿಗೆ ಕುಬಸದ, ಅಂದರೆ ಸೀಮಂತದ, ಸೀರೆ ತಂದು ಕರೆದೊಯ್ಯಬೇಕಿದ್ದ ಅಣ್ಣ, ಒಂಬತ್ತು ತುಂಬುತ್ತ ಬಂದರೂ ಬರಲಿಲ್ಲ. ಅದು ನನ್ನ ಮನೆತನಕ್ಕಾದ ಅವಮಾನ ಎಂದುಕೊಂಡೆ.

"ಅವರು ಬರದಿದ್ರ ನಾವ ಕಳಸೋಣು. ಇಲ್ಲೇ ಹಡದ್ರ ಮಂದಿ ಏನಂದಾರು?" ಎಂದೆ.

"ಇಲ್ಲೇ ಹರಪನಹಳ್ಳ್ಯಾಗ ಆಸ್ಪತ್ರಿ ಐತೆಲ್ಲಪ್ಪಾ" ಎಂದ ಮಗನ ಮಾತು ಕೇಳಲಿಲ್ಲ. ಮರುದಿನ ಇಬ್ಬರನ್ನೂ ಬಸ್ಸು ಹತ್ತಿಸಿ, ಮನೆಗೆ ಬಂದು ಉಪ್ಪಿಟ್ಟು ತಿಂದೆ.

ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟಿತು. ಅಲ್ಲೇ ಸೊಸೆಗೆ ನೋವು ಶುರುವಾಯಿತು. ರಿಪೇರಿಗೆ ಬಂದ ಮುಸಲ್ಮಾನ ಮೆಕ್ಯಾನಿಕ್ ಅವಳ ಮುಖ ನೋಡಿ, ಬಸ್ಸು ಬಿಟ್ಟು, ಹತ್ತಿರದಲ್ಲೇ ಇದ್ದ ತನ್ನ ಮನೆಗೆ ಕರೆದೊಯ್ದ. ಇದ್ದದ್ದು ಒಂದೇ ಕೋಣೆ. ಅವನ ತಾಯಿ ಗಂಡಸರನ್ನೆಲ್ಲ ಹೊರಗೆ ಕಳಿಸಿ ಸೂಲಗಿತ್ತಿಯನ್ನು ಕರೆಸಿದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಮಗು.

ಸುದ್ದಿ ತಿಳಿದು ನಾನು ಜೀಪು ಮಾಡಿಕೊಂಡು ಹೋದಾಗ ಆ ತಾಯಿ ಚಹಾದ ಕಪ್ಪು ಹಿಡಿದು ಬಾಗಿಲಿಗೆ ಬಂದಳು.

"ಬರ್ರಿ ಅಣ್ಣಾರ, ಕುಂದರ್ರಿ. ಮೊಮ್ಮಗಳು ಥೇಟ್ ನಿಮ್ಮಂಗ ಅದಾಳ ನೋಡ್ರಿ, ಈಗ್ಲೇ ಮೂಗಿನ ಮ್ಯಾಲೆ ಸಿಟ್ಟು."

"ನಿಮ್ಮ ಮನ್ಯಾಗ ನಮಗ ನಡ್ಯಾದಿಲ್ರಿ" ಎಂದೆ. ಹೊಸ್ತಿಲು ದಾಟಲಿಲ್ಲ. ಅವಳು ಕಪ್ಪು ಒಳಗೆ ಒಯ್ದಳು. ಮಲಗಿದ್ದ ಸೊಸೆಗೆ ಎಲ್ಲ ಕೇಳಿಸಿತ್ತು.

ಆ ಮಗು ಎರಡನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕ್ರಿಸ್‌ಮಸ್ ನಾಟಕ. ಅವಳದು ಕುರಿಯ ಪಾತ್ರ. ಮೈತುಂಬ ಹತ್ತಿ ಅಂಟಿಸಿದ್ದರು. ಯೇಸು ಹುಟ್ಟಿದ ಕಥೆಯನ್ನು ನಾನು ಪೂರ್ತಿ ನೋಡಿದ್ದು ಅಂದೇ. ಎಲ್ಲರೂ ತಮ್ಮ ಮೂಲ ಊರಿಗೆ ಹೋಗಿ ಹೆಸರು ಬರೆಸಬೇಕು, ಚಕ್ರವರ್ತಿಯ ಅಪ್ಪಣೆ ಎಂದು ಒಬ್ಬ ಡಂಗುರ ಹೊಡೆದ. ಯೇಸುವಿನ ತಾಯಿ, ತುಂಬು ಬಸುರಿ ಮರಿಯಳು ಗಂಡನ ಹಿಂದೆ ಹೊರಟಳು.

"ದಿನ ತುಂಬಿದಾಕಿನ್ನ ದಾರಿಗೆ ಹಚ್ಚತಾನಲ್ಲ, ಎಂಥಾ ರಾಜ ಇಂವ" ಎಂದೆ, ಪಕ್ಕದಲ್ಲಿದ್ದ ಸೊಸೆಗೆ.

"ಅಪ್ಪಣಿ ಕೊಟ್ಟೋರು ಮನ್ಯಾಗ ಕುಂತಿರತಾರ ಬಿಡ್ರಿ, ಮಾವಾರ" ಎಂದಳು, ನಾಟಕದಿಂದ ಕಣ್ಣು ತೆಗೆಯದೆ.

ದೇವರು ದಾರಿಯಲ್ಲಿರುವವರ ಜೊತೆ ನಡೆಯುತ್ತಾನೆ, ಆ ಪ್ರಯಾಣದ ಅರ್ಥ ಅದೇ ಎಂದು ಮೇಷ್ಟರು ಕೊನೆಗೆ ಹೇಳಿದರು. ಇರಬಹುದು. ನನಗೆ ಕಂಡದ್ದು ಬೇರೆ. ಆ ಚಕ್ರವರ್ತಿ ಮಗು ಹುಟ್ಟಿದ ಜಾಗಕ್ಕೆ ಬರಲೇ ಇಲ್ಲ. ನಾನು ಬಾಗಿಲವರೆಗೆ ಹೋಗಿ, ಬರದವನಂತೆಯೇ ಹಿಂದಿರುಗಿದ್ದೆ.

ಮನೆಗೆ ಬಂದು ಸೊಸೆಗೆ ತಪ್ಪಾಯಿತೆಂದೆ.

"ನನಗ್ಯಾಕ್ರಿ? ಅಣ್ಣನ ಮನಿಗೆ ಹೊಂಟಿದ್ದೆ, ದಾರ್ಯಾಗ ತವರುಮನಿ ಸಿಕ್ತು. ಚಾ ಒಳಗ ಒಯ್ದಾಕಿಗೆ ಹೇಳ್ರಿ."

ಹೆಣ್ಣುಮಕ್ಕಳು ತವರಿಗೆ ಹೋಗುವ ನಾಗರಪಂಚಮಿಗೆ ಶೇಂಗಾ ಉಂಡಿ ಕಟ್ಟಿಕೊಂಡು ಮಗಳೊಂದಿಗೆ ಸೊಸೆ ಹೋಗುವುದು ಆ ಮನೆಗೇ. ನಾನು ಬಸ್‌ಸ್ಟ್ಯಾಂಡಿನವರೆಗೆ ಚೀಲ ಹಿಡಿದು ಹೋಗಿ ಹಿಂದಿರುಗುತ್ತಿದ್ದೆ. ನಾಟಕ ನೋಡಿದ ಮೇಲೂ ಎರಡು ಪಂಚಮಿ ಹಾಗೆಯೇ ಕಳೆದವು.

ನಾಳೆ ಮತ್ತೆ ಪಂಚಮಿ. ಈ ಸಲ ನಾನೂ ಬರುತ್ತೇನೆ ಎಂದಿದ್ದೇನೆ. ಮೊಮ್ಮಗಳು ಆಗಲೇ ನನ್ನ ಚಪ್ಪಲಿ ಒರೆಸಿಟ್ಟಿದ್ದಾಳೆ. "ಅಜ್ಜಾ, ಅಲ್ಲಿ ಚಾಕ್ಕ ಸಕ್ರಿ ಭಾಳ ಹಾಕ್ತಾರ. ಬ್ಯಾಡ ಅನಬ್ಯಾಡ ಮತ್ತ."

ನಾನು ಇನ್ನೂ ಕ್ಷಮೆ ಕೇಳಬೇಕಾಗಿರುವುದು ಆಕೆಯನ್ನು: ಮೆಕ್ಯಾನಿಕನ ತಾಯಿ, ನನ್ನ ಸೊಸೆಯ ಅವ್ವ.