ಉಬ್ಬು ಬಳ್ಳಿಯ ಗೋಡೆ

ಅರಸೀಕೆರೆಯ ನಮ್ಮ ಮನೆಯ ಪ್ಯಾಸೇಜಿಗೆ ಹಿಂದೆ ಯಾವಾಗಲೋ ನಮ್ಮ ಯಜಮಾನರು ಇಷ್ಟಪಟ್ಟು ವಾಲ್‌ಪೇಪರ್ ಅಂಟಿಸಿದ್ದರು. ತಿಳಿಹಸಿರು ಹಾಳೆ, ಅದರ ಮೇಲೆ ಉಬ್ಬಿದ ಹೂಬಳ್ಳಿ. ಅತ್ತೆಯ ಕೋಣೆಯ ಬಾಗಿಲಿನಿಂದ ಅಡುಗೆಮನೆಯವರೆಗೂ ಅದೇ. ಒಗ್ಗರಣೆ ಹೊಗೆಗೆ ಹಸಿರು ಹೋಗಿ ಕಂದಾಗಿತ್ತು. ಸೊಂಟದೆತ್ತರದಲ್ಲಿ ಉದ್ದಕ್ಕೂ ಜಿಡ್ಡಿನ ಗೆರೆ. ಬೇಸಿಗೆ ರಜೆಯಲ್ಲಿ, ಮಕ್ಕಳ ಉತ್ತರಪತ್ರಿಕೆ ತಿದ್ದಿ ಮುಗಿಸಿದ ಮೇಲೆ, ಅದನ್ನು ಕಿತ್ತುಹಾಕಿ ಬಣ್ಣ ಹೊಡೆಸೋಣ ಎಂದು ನಾನೇ ಹಠ ಹಿಡಿದೆ.

ಹಾರನಹಳ್ಳಿಯ ಪೇಂಟರ್ ಬಂದರು. ಮೊದಲ ದಿನ ಅಡುಗೆಮನೆಯ ಕಡೆಯಿಂದ ಒಂದೆರಡು ಮಾರು ಕಿತ್ತು ಊಟಕ್ಕೆ ಹೋದರು. ಆಗ ಅತ್ತೆ ಕೋಣೆಯಿಂದ ಹೊರಬಂದರು. ಗೋಡೆಗೆ ಕೈಯಾನಿಸಿ ಸರಸರ ನಡೆದವರು ಹಾಳೆ ಮುಗಿದಲ್ಲಿ ಗಕ್ಕನೆ ನಿಂತರು. ಅಂಗೈಯನ್ನು ಮೇಲೆ ಕೆಳಗೆ ಆಡಿಸಿದರು.

“ಬಳ್ಳಿ ಎಲ್ಲಿ ಹೋಯ್ತೇ?”

ನಾನು ನಾಲ್ಕು ಹೆಜ್ಜೆ ದೂರದಲ್ಲಿ, ಎದುರಿಗೇ ಇದ್ದೆ. ಅವರು ಹಿತ್ತಲಿಗೆ ಕೇಳಿಸುವಷ್ಟು ಜೋರಾಗಿ ನನ್ನನ್ನು ಕೂಗಿದರು.

ಹತ್ತಿರ ಹೋಗಿ ಕೈ ಹಿಡಿದೆ. ಬೆಚ್ಚಿಬಿದ್ದರು. ಕೂರಿಸಿ ಕೇಳಿದಾಗ ನಿಧಾನವಾಗಿ ಹೇಳಿದರು: “ಮೂರನೇ ಹೂವಿಗೆ ಬಚ್ಚಲು. ಏಳನೇದಕ್ಕೆ ಅಡುಗೆಮನೆ ಹೊಸ್ತಿಲು. ಎರಡು ವರ್ಷದಿಂದ ಹಂಗೇ ಓಡಾಡ್ತಿದೀನಿ ಕಣೇ.”

“ನಮಗ್ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಒಲೆ ಹತ್ರ ಬಿಡ್ತಿದ್ಯಾ ನನ್ನ?”

ಇಲ್ಲ, ಬಿಡುತ್ತಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಉಳಿಸುತ್ತೀರಿ ಎಂದು ಆ ವಾರವಷ್ಟೇ ಅವರ ಮೇಲೆ ರೇಗಿದ್ದೆ. ದಿನಾ ಪೇಪರು ಹಿಡಿದು ಕೂರುತ್ತಿದ್ದರು. ಪುಟ ತಿರುಗಿಸುವ ಸದ್ದು ಕೇಳಿದರೆ ಓದುತ್ತಿದ್ದಾರೆ ಎಂದುಕೊಳ್ಳುತ್ತಿದ್ದೆ. ತರಗತಿಯ ಕೊನೇ ಬೆಂಚಿನ ಮಗು ಕಣ್ಣು ಕಿರಿದು ಮಾಡಿದರೂ ಗಮನಿಸುವವಳು ನಾನು. ಆ ಸಂಜೆ ಅವರ ಮುಖ ನೋಡಲಾಗಲಿಲ್ಲ.

ಹಾಸನದ ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಒತ್ತಡದಿಂದ ನರ ಸೊರಗಿದೆ, ಹೋದದ್ದು ಬರುವುದಿಲ್ಲ, ಉಳಿದಿದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಿ ಎಂದರು.

ವಾಪಸು ಬಂದು ಪೇಂಟರಿಗೆ, ಹಾಳೆ ಕೀಳುವುದು ಬೇಡ, ಅದರ ಮೇಲೇ ಹೊಡೆಯಿರಿ ಅಂದೆ.

“ಮೇಲೇ ಹೊಡುದ್ರೆ ಬಳ್ಳಿಯೆಲ್ಲಾ ಎದ್ದು ಕಾಣ್ತೈತೆ ಮೇಡಂ. ನೋಡ್ದೋರು ನನ್ನ ಬೈತಾರೆ.”

ವಿಷಯ ಹೇಳಿದೆ. ಅವರು ಕಿತ್ತು ಸುತ್ತಿಟ್ಟಿದ್ದ ಹಾಳೆಯನ್ನು ಬಿಡಿಸಿ, ಹರಿದ ಅಂಚು ಕೂಡಿಸಿ, ಗೋಂದು ಬಳಿದು ತಾವೇ ಮತ್ತೆ ಅಂಟಿಸಿದರು. ಅತ್ತೆಯನ್ನು ಕರೆದು ಮುಟ್ಟಿ ನೋಡಲು ಹೇಳಿದೆವು.

“ಇಲ್ಲೊಂದು ತುಂಡು ತಲೆಕೆಳಗಾಗಿದೆ,” ಎಂದರು.

ಹೌದು, ಆಗಿತ್ತು. ಪೇಂಟರು ನಕ್ಕು, ಅದನ್ನು ಕಿತ್ತು ಸರಿಮಾಡಿದರು. ಆಮೇಲೆ ಪ್ರೈಮರು, ಅದರ ಮೇಲೆ ಎರಡು ಕೋಟು ಕೆನೆ ಬಣ್ಣ, ಬಳ್ಳಿಯ ಉಬ್ಬು ಮುಚ್ಚದಂತೆ ತೆಳುವಾಗಿ.

ಬಣ್ಣ ಒಣಗುವವರೆಗೆ ಎರಡು ದಿನ ಗೋಡೆ ಮುಟ್ಟುವಂತಿರಲಿಲ್ಲ. ಎಲ್ಲಿಗೆ ಹೋಗಬೇಕಾದರೂ ಕೈ ಹಿಡಿದು ನಡೆಸಿದೆ. ಮೊದಮೊದಲು ಬಿಗಿಯಾಗಿದ್ದರು. ಎರಡನೇ ದಿನ ಬಚ್ಚಲಿನ ದಾರಿಯಲ್ಲಿ ತಾವಾಗಿಯೇ ಹೇಳಿದರು: “ಹೋದ್ಸಲ ಬೇಲೂರಿಗೆ ಕರ್ಕೊಂಡು ಹೋಗಿದ್ಯಲ್ಲ, ಗೋಡೆ ಮೇಲಿನ ಆನೆ ಒಂದೂ ಕಾಣ್ಲಿಲ್ಲ. ನೀನು ಎಷ್ಟು ಚೆನ್ನಾಗಿದೆ ಅಂದೆ. ನಾನೂ ಹೂಂ ಅಂದೆ.”

“ಇನ್ನೊಂದ್ಸಲ ಹೋಗೋಣ ಅತ್ತೆ. ಏನೇನಿದೆ ಅಂತ ನಾನು ಹೇಳ್ತೀನಿ.”

“ಬಿಸಿಲು ಕಮ್ಮಿಯಾಗ್ಲಿ,” ಅಂದರು.

ಈಗ ಅಕ್ಕಿ ಆರಿಸುವವಳು ನಾನು. ಅವರು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಾರೆ, ನನಗಿಂತ ಬೇಗ. ಹನಿ ಹಾಕುವ ಹೊತ್ತಿಗೆ ಮಾತ್ರ ಉರಿಯುತ್ತದೆಂದು ಮುಖ ತಿರುಗಿಸುತ್ತಾರೆ. ಗದರಿಸಿ ಹಾಕುತ್ತೇನೆ.