ಹೆಸರು ಹೇಳಿ ಹಾಕಿದ ಓಟು

ದಪ್ಪ ಸೂಜಿ ರೆಕ್ಸಿನ್ನಿನೊಳಗೆ ಇಳಿಯುವ ಸದ್ದು ಮನೆಯ ಹೊಲಿಗೆ ಯಂತ್ರದ ಸದ್ದಿನಂತಲ್ಲ. ಅದು ಕಿವಿಗೆ ಕೇಳುವ ಮೊದಲೇ ಮೊಣಕೈಗೆ ತಿಳಿಯುತ್ತದೆ. ಅಮೆರಿಕದ ಟ್ರಾಯ್ ಊರಿನ ಅಂಚಿನಲ್ಲಿದ್ದ ಆ ತಗಡಿನ ಕಟ್ಟಡದಲ್ಲಿ ಕಾರಿನ ಸೀಟಿನ ಹೊದಿಕೆಗಳನ್ನು ಹೊಲಿಯುತ್ತಿದ್ದರು. ಬೆಳಿಗ್ಗೆ ಗಂಟೆ ಬಾರಿಸಿದೊಡನೆ ಎಲ್ಲ ಯಂತ್ರಗಳೂ ಒಟ್ಟಿಗೆ ಹೊರಟಾಗ ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಆ ಗದ್ದಲದಲ್ಲಿಯೂ ಜಯಾಗೆ ತನ್ನ ಯಂತ್ರದ ಸದ್ದು ಬೇರೆಯಾಗಿ ಕೇಳುತ್ತಿತ್ತು. ೧೯೭೬ರ ನವೆಂಬರಿನ ಆ ಮಂಗಳವಾರ ಅವಳ ತುಟಿಗಳು ಆ ಸದ್ದಿನ ತಾಳಕ್ಕೆ ಅಲುಗುತ್ತಿದ್ದವು.

ಪಕ್ಕದ ಯಂತ್ರದ ಡಾರ್ಲೀನ್ ಡೆಟ್ರಾಯ್ಟಿನವಳು. ದಿನವೂ ತನ್ನ ಕಾರಿನಲ್ಲಿ ಜಯಾಳನ್ನು ಕರೆತಂದು ಬಿಡುವವಳು. ದಾರ ಕಡಿಯುತ್ತ ಕೇಳಿದಳು.

"ಏನು ಜಯಾ, ಪ್ರಾರ್ಥನೇನಾ?"

"ಹೆಚ್ಚುಕಡಿಮೆ ಹಾಗೇ. ಸಂಜೆ ಓಟು ಹಾಕಬೇಕು."

"ಓಟಿಗೆ ಪ್ರಾರ್ಥನೆ ಯಾಕೆ? ಒಳಗೆ ಹೋಗು, ಹೆಸರು ಹೇಳು, ಓಟಿನ ಯಂತ್ರದ ಲಿವರ್ ಎಳಿ, ಹೊರಗೆ ಬಾ."

"ನೀನು ಹೇಳಿದೆಯಲ್ಲ ಎರಡನೆಯದು, ಅದಕ್ಕೇ ಪ್ರಾರ್ಥನೆ," ಎಂದಳು ಜಯಾ. ಡಾರ್ಲೀನಳಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ ಸೂಜಿ ಇಳಿಸಿದಳು.

ಜಯಾ ಮೈಸೂರಿನವಳು. ಬಿ.ಎ. ಮುಗಿಸಿ, ಮದುವೆಯಾಗಿ, ೧೯೬೮ರಲ್ಲಿ ಗಂಡನ ಹಿಂದೆ ಮಿಚಿಗನ್‌ಗೆ ಬಂದಳು. ಗಂಡ ರಘೋತ್ತಮ ಕಾರಿನ ಗೇರು ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರ್. ಮಗಳು ಸತ್ಯಾ ಶಾಲೆಗೆ ಹೋಗತೊಡಗಿದ ಮೇಲೆ ಜಯಾ ತಾನೂ ಕೆಲಸಕ್ಕೆ ಹೋಗುತ್ತೇನೆಂದಳು. ಇಂಜಿನಿಯರನ ಹೆಂಡತಿ ಕಾರ್ಖಾನೆಯಲ್ಲಿ ಹೊಲಿಯುವುದೇ ಎಂದು ರಘೋತ್ತಮ ಒಂದು ವಾರ ಮುಖ ಗಂಟು ಹಾಕಿಕೊಂಡಿದ್ದ. ಎಂಟನೆಯ ದಿನ ಅವಳೇ ಹೊಲಿದ ಹೊದಿಕೆಯಿದ್ದ ಕಾರೊಂದು ರಸ್ತೆಯಲ್ಲಿ ಎದುರಾಯಿತು. ಅವಳು ಬೆರಳು ಮಾಡಿ ತೋರಿಸಿದಳು. ಆಮೇಲೆ ಅವನೂ ಬಂದ ಗೆಳೆಯರಿಗೆಲ್ಲ ಹಾಗೆಯೇ ಬೆರಳು ಮಾಡಿ ತೋರಿಸುತ್ತಿದ್ದ. ಸಿಗ್ನಲ್ಲಿನಲ್ಲಿ ನಿಂತಾಗ ಬೇರೆಯವರು ಪಕ್ಕದ ಕಾರಿನ ಬಣ್ಣ ನೋಡಿದರೆ, ಜಯಾ ಸೀಟಿನ ಅಂಚಿನ ಹೊಲಿಗೆ ನೋಡುತ್ತಿದ್ದಳು.

ಇಂಥವಳಿಗೆ ಹೆಸರು ಹೇಳುವುದು ಏಕೆ ಕಷ್ಟವಾಯಿತೆಂದರೆ, ಅದು ಅವಳ ಹೆಸರಾಗಿರಲಿಲ್ಲ. ಮೈಸೂರಿನಲ್ಲಿ ಅವಳು ಬರೀ ಜಯಾ. ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಒಂದಿತ್ತು, ಅಷ್ಟೆ. ಅಮೆರಿಕದವರಿಗೆ ಎರಡನೆಯ ಹೆಸರೊಂದು ಬೇಕಿತ್ತು. ಪಾಸ್‌ಪೋರ್ಟಿನಲ್ಲಿ ಅಲ್ಲಿಗೆ ಗಂಡನ ಹೆಸರು ಬಂದು ಕೂತಿತು: ಜಯಾ ರಘೋತ್ತಮ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಕೇಳುತ್ತ ಬೆಳೆದವಳು ಅವಳು. ಅದನ್ನು ನಂಬುತ್ತಿದ್ದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ; ನಾಲಿಗೆ ಮಾತ್ರ ನಂಬಿತ್ತು. ಗಂಡನನ್ನು 'ಏನೂಂದ್ರೆ' ಎಂದು ಕರೆದು, ಬೇರೆಯವರ ಮುಂದೆ 'ನಮ್ಮನೆಯವರು' ಎಂದು ಹೇಳಿಯೇ ಹತ್ತು ವರ್ಷದ ಸಂಸಾರ ಸಾಗಿತ್ತು. ಬರೆಯಲು ಅಡ್ಡಿಯಿರಲಿಲ್ಲ, ಎಷ್ಟು ಕಡೆ ಬೇಕಾದರೂ ಬರೆದು ಸಹಿ ಮಾಡುತ್ತಿದ್ದಳು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಜಯಾ. ಪೌರತ್ವದ ಸಂದರ್ಶನದಲ್ಲಿ ಅಧಿಕಾರಿಯೇ ಕಾಗದ ನೋಡಿ ಪೂರ್ತಿ ಹೆಸರು ಓದಿದ. ಅವಳು ಹೌದೆಂದಳು.

ಎರಡು ವರ್ಷದ ಹಿಂದೆ, ೧೯೭೪ರಲ್ಲಿ, ಮೊದಲ ಸಲ ಓಟು ಹಾಕಲು ಹೋದಾಗ ಈ ನಾಲಿಗೆ ಅವಳನ್ನು ಸೋಲಿಸಿತು. ಬಡಾವಣೆಯ ಶಾಲೆಯ ಜಿಮ್ಮಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹೆಂಗಸು "ಲಾಸ್ಟ್ ನೇಮ್?" ಎಂದು ಕೇಳಿದಳು. ಜಯಾ ಸುಮ್ಮನೆ ನಿಂತಳು. ಹಿಂದಿನಿಂದ ರಘೋತ್ತಮ ಹೇಳಿದ. "ನೀವಲ್ಲ, ಅವರೇ ಹೇಳಲಿ," ಎಂದಳು ಆ ಹೆಂಗಸು. ತಪ್ಪಾಗಿ ಏನೂ ಅನ್ನಲಿಲ್ಲ. ಬಾಗಿಲಲ್ಲಿ ಹೆಂಡತಿಯರ ಬದಲು ಮಾತಾಡುವ ಗಂಡಂದಿರನ್ನು ಅವಳು ಬಹಳ ಜನ ನೋಡಿದ್ದಿರಬೇಕು. ಜಯಾ ಬರೆದು ತೋರಿಸಲೆಂದು ಪೆನ್ನಿಗೆ ಕೈಚಾಚುವಷ್ಟರಲ್ಲಿ ಹಿಂದಿನ ಸಾಲು ಗೊಣಗಿತು. ರಘೋತ್ತಮನಿಗೆ ನಾಚಿಕೆಯಾಯಿತು. ಅವಳ ಮೊಣಕೈ ಹಿಡಿದು ಪಕ್ಕಕ್ಕೆ ಕರೆದ.

"ಬಿಡು, ನಾನು ಹಾಕಿ ಬರ್ತೀನಿ. ಮನೆಗೊಂದು ಓಟು ಸಾಕು."

ಅವಳು ಕಾರಿನಲ್ಲಿ ಕೂತು ಕಾದಳು. ಅವನು ಆ ಮಾತನ್ನು ಸಂಜೆಗೆ ಮರೆತ. ಅವಳಿಗೆ ಅದು ಎಲ್ಲೋ ಒಳಗೆ ಮುರಿದು ಉಳಿದ ಸೂಜಿಯ ತುದಿಯ ಹಾಗಿತ್ತು. ಕೆಲಸ ಮಾಡುವಾಗ ನೋಯುತ್ತಿರಲಿಲ್ಲ, ತಿರುಗಿ ಮಲಗಿದಾಗ ಚುಚ್ಚುತ್ತಿತ್ತು.

ಈ ಸಲ ಹಾಗಾಗಬಾರದೆಂದು ಬೇಸಿಗೆಯಲ್ಲೇ ನಿಶ್ಚಯಿಸಿದಳು. ಎರಡು ಪಕ್ಷಗಳ ಕಾಗದಗಳೂ ಮನೆಗೆ ಬರುತ್ತಿದ್ದವು. ಡಾರ್ಲೀನಳ ಯೂನಿಯನ್ನಿನವರು ಒಂದು ಕಡೆ ಎಳೆದರೆ ರಘೋತ್ತಮನ ಆಫೀಸಿನವರು ಇನ್ನೊಂದು ಕಡೆ. ಜಯಾ ಎಲ್ಲವನ್ನೂ ಒಲೆಯ ಪಕ್ಕ ನಿಂತು ಓದಿದಳು. ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು, ಈ ದೇಶದಲ್ಲಿ ಅಧ್ಯಕ್ಷನಿಂದ ಹಿಡಿದು ಮೋರಿ ನೋಡಿಕೊಳ್ಳುವವನವರೆಗೂ ಎಲ್ಲರನ್ನೂ ಜನರೇ ಆರಿಸುತ್ತಾರೆಂಬುದು. ಡ್ರೇನ್ ಕಮಿಷನರ್ ಎಂಬ ಹುದ್ದೆಯೇ ಇತ್ತು. ಪ್ರತಿ ವಸಂತದಲ್ಲಿ ಹಿಮ ಕರಗಿದಾಗ ಅವರ ಬೇಸ್‌ಮೆಂಟಿಗೆ ನೀರು ನುಗ್ಗುತ್ತಿತ್ತು. ಆ ಹುದ್ದೆಗೆ ನಿಂತಿದ್ದ ಇಬ್ಬರಿಗೂ ಅವಳು ಫೋನ್ ಮಾಡಿದಳು. ಒಬ್ಬ ಮಾಹಿತಿಯ ಕಾಗದ ಕಳಿಸಿದ. ಇನ್ನೊಬ್ಬ ರಬ್ಬರ್ ಬೂಟು ಹಾಕಿಕೊಂಡು ಬಂದು, ಬೇಸ್‌ಮೆಂಟಿನ ಗೋಡೆ ತಟ್ಟಿ ನೋಡಿ, ಅವಳು ಕೊಟ್ಟ ಕಾಫಿ ಕುಡಿದು ಹೋದ. ಯಾವ ಪಕ್ಷವೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಅಕ್ಟೋಬರಿನ ಒಂದು ಭಾನುವಾರ ಊಟಕ್ಕೆ ಗೆಳೆಯ ಬದರೀನಾಥ ಬಂದಿದ್ದ. ಅವನು ಮೊದಲು ಆಸ್ಟ್ರೇಲಿಯಾದಲ್ಲಿ ಓದಿ, ಆಮೇಲೆ ಇಲ್ಲಿಗೆ ಬಂದವನು. ಎಲ್ಲ ಮಾತನ್ನೂ ಸಿಡ್ನಿಯಿಂದ ಶುರು ಮಾಡುತ್ತಿದ್ದ.

"ಅಲ್ಲಿ ಓಟು ಕಡ್ಡಾಯ ಕಣಯ್ಯಾ. ಹಾಕದೇ ಹೋದ್ರೆ ಫೈನ್. ನಮ್ಮ ಮನೆ ಓನರ್ ಜ್ವರ ಇದ್ರೂ ರಗ್ಗು ಹೊದ್ಕೊಂಡು ಹೋದ."

"ಇಲ್ಲೂ ಹಾಗೇ ಮಾಡಬೇಕು," ಎಂದ ರಘೋತ್ತಮ. "ಅರ್ಧ ಜನ ಮನೇಲಿ ಕೂತು ಟಿ.ವಿ. ನೋಡ್ತಾರೆ. ಎಳ್ಕೊಂಡು ಬಂದು ಹಾಕಿಸಬೇಕು."

ಜಯಾ ಸಾರಿನ ಪಾತ್ರೆ ತಂದಳು. "ಮತದಾನ ಅಂತ ಹೆಸರಿಟ್ಟಿದೀರಿ. ಬಲವಂತವಾಗಿ ಕಿತ್ಕೊಂಡ್ರೆ ಅದು ದಾನ ಹೇಗಾಗತ್ತೆ?"

"ಅತ್ತಿಗೆ ಪಾಯಿಂಟ್ ಹಾಕಿದ್ರು," ಎಂದ ಬದರೀನಾಥ.

"ಅದು ಬರೀ ಪದ ಕಣೇ. ಜನ ತಾವಾಗೇ ಬರಲ್ಲ ಅನ್ನೋದು ಸಮಸ್ಯೆ."

"ಕೂತವರನ್ನ ಯಾಕೆ ಕೂತಿರಿ ಅಂತ ಯಾರಾದ್ರೂ ಕೇಳಿದೀರಾ?"

ರಘೋತ್ತಮ ಅನ್ನ ಕಲಸುವುದನ್ನು ನಿಲ್ಲಿಸಿದ. ಏನೋ ನೆನಪಾದಂತೆ ಅವಳ ಮುಖ ನೋಡಿ, ಮಾತು ತಿರುಗಿಸಿದ. "ಸರಿ, ನೀನು ಯಾರಿಗೆ? ಒಂದು ಪಾರ್ಟಿ ಗುರುತು ಆನೆ, ಇನ್ನೊಂದರದು ಕತ್ತೆ. ಗಣಪತಿ ಪೂಜೆ ಮಾಡೋ ಮನೆಯವಳು ಆನೆ ಬಿಟ್ಟು ಕತ್ತೆಗೆ ಹಾಕ್ತೀಯಾ?"

"ಕತ್ತೆ ದುಡಿಯತ್ತೆ, ಆನೆ ತಿನ್ನತ್ತೆ," ಎಂದ ಬದರೀನಾಥ.

"ನೀನು ಸುಮ್ನಿರಯ್ಯಾ. ಜಯಾ, ಇಬ್ಬರೂ ಬೇರೆ ಬೇರೆ ಹಾಕಿದ್ರೆ ಎರಡೂ ಕ್ಯಾನ್ಸಲ್. ಪೆಟ್ರೋಲ್ ದಂಡ. ಒಂದೇ ಲಿವರ್ ಎಳೆದ್ರೆ ಎಲ್ಲ ಹುದ್ದೆಯ ಓಟೂ ಒಂದೇ ಪಾರ್ಟಿಗೆ ಹೋಗತ್ತೆ. ನಾನು ತೋರಿಸ್ತೀನಿ."

ಸತ್ಯಾ ತಟ್ಟೆಯಿಂದ ತಲೆಯೆತ್ತದೆ ಹೇಳಿದಳು. "ಡ್ಯಾಡ್, ಇಟ್ಸ್ ಎ ಸೀಕ್ರೆಟ್ ಬ್ಯಾಲಟ್."

ಓಟು ಹಾಕುವುದೇನೋ ಸರಿ. ಮೇಜಿನ ಮುಂದಿನ ಪ್ರಶ್ನೆ ಹಾಗೆಯೇ ಇತ್ತು. ಅದಕ್ಕೆ ದಾರಿ ಸಿಕ್ಕಿದ್ದು ದೀಪಾವಳಿಯ ದಿನ. ಧಾರವಾಡದ ಕಡೆಯ ಗುರುದೇವಿಯ ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಗುರುದೇವಿಯ ಗಂಡ ಡಾಕ್ಟರು. ಆಕೆ ದೊಡ್ಡ ದನಿಯವಳು. ಅಡುಗೆಮನೆಯಲ್ಲಿ ಹೂರಣ ತಿರುವುತ್ತಿದ್ದವಳ ಹತ್ತಿರ ಜಯಾ ಮೆಲ್ಲಗೆ ವಿಷಯ ಹೇಳಿದಳು.

"ಅಯ್ಯ, ಇಷ್ಟಕ್ಕ ಓಟು ಬಿಟ್ಟು ಬಂದ್ರೇನ್ರೀ ನೀವು," ಎಂದಳು ಗುರುದೇವಿ. "ನಮ್ಮ ಕಡೆ ಗಂಡನ ಹೆಸರ ಹಂಗ ಹೇಳಂಗಿಲ್ಲ ಖರೆ. ಒಡಪ ಹಾಕಿ ಹೇಳಬೇಕು. ಎರಡು ಸಾಲು ಕಟ್ಟಿ, ನಡುವ ಹೆಸರ ಇಟ್ಟು ಹೇಳಿದ್ರ ಏನೂ ದೋಷ ಇಲ್ಲ. ಮದುವ್ಯಾಗ ಬಾಗಿಲ ತಡದು ಕೇಳತಾರಲ್ಲ, ಹಂಗ ತಿಳೀರಿ. ಅಕೀನೂ ಬಾಗಿಲ ತಡದಾಳ, ನೀವೂ ಒಡಪ ಹೇಳಿ ಒಳಗ ಹೋಗ್ರಿ."

"ಅವರಿಗೆ ಕನ್ನಡ ಬರಲ್ವಲ್ಲ."

"ಬರಬೇಕು ಅಂತ ಯಾರ ಹೇಳ್ಯಾರ? ಒಡಪ ಗಂಡಗ. ಹೆಸರ ಅಕೀಗೆ."

ಅಂದಿನಿಂದ ಕಾರ್ಖಾನೆಯಲ್ಲಿ ಜಯಾ ಎರಡು ಸಾಲು ಕಟ್ಟತೊಡಗಿದಳು. ಕಟ್ಟುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ಆ ಮಂಗಳವಾರ ಡಾರ್ಲೀನ್ ಕಂಡದ್ದು ಅದನ್ನೇ.

ಕೆಲಸ ಮುಗಿಸಿ ಮನೆಗೆ ಬಂದು, ಮುಖ ತೊಳೆದು, ನೀಲಿ ಕಂಚಿಪುರದ ಸೀರೆ ಉಟ್ಟು ಮೇಲೆ ಕೋಟು ಹಾಕಿಕೊಂಡಳು. ರಘೋತ್ತಮ ಆಫೀಸಿನಿಂದ ಬೇಗ ಬಂದಿದ್ದ. ಸೀರೆ ನೋಡಿ "ಏನು, ಮದುವೆಗಾ?" ಎಂದ. ಅವಳು ನಕ್ಕಳು.

ಜಿಮ್ಮಿನ ನೆಲದ ಮೇಲೆ ಬಾಸ್ಕೆಟ್‌ಬಾಲಿನ ಗೆರೆಗಳಿದ್ದವು. ಜನ ಆ ಗೆರೆಯ ಗುಂಟ ಸಾಲು ನಿಂತಿದ್ದರು. ಜಯಾ ಮುಂದೆ, ರಘೋತ್ತಮ ಹಿಂದೆ. ಮೇಜಿನಲ್ಲಿ ಈ ಸಲ ಬಿಳಿ ಕೂದಲಿನ ಬೇರೊಬ್ಬ ಹೆಂಗಸು, ಕನ್ನಡಕಕ್ಕೆ ಸರಪಳಿ.

"ಲಾಸ್ಟ್ ನೇಮ್, ಹನಿ?"

ಅವನು ಹಿಂದಿನಿಂದ ಗಂಟಲು ಸರಿಪಡಿಸಿಕೊಂಡದ್ದು ಕೇಳಿಸಿತು. ಜಯಾ ಹಿಂದಕ್ಕೆ ಕೈಯಾಡಿಸಿ ಅವನನ್ನು ತಡೆದಳು. ಸೆರಗು ಭುಜದ ಮೇಲೆ ಎಳೆದುಕೊಂಡಳು. ಆಮೇಲೆ ಸ್ಪಷ್ಟವಾಗಿ, ಪಾಠ ಒಪ್ಪಿಸುವವಳ ಹಾಗಲ್ಲ, ಬಾಗಿಲು ತಡೆದವರ ಮುಂದೆ ನಿಂತ ಮದುವಣಗಿತ್ತಿಯ ಹಾಗೆ, ಹೇಳಿದಳು.

"ಮಿಚಿಗನ್ನಿನ ಚಳಿಗೆ ಮೇಪಲ್ ಎಲೆ ಕೆಂಪು,
ರಘೋತ್ತಮರ ಹೆಸರು ನನ್ನ ನಾಲಿಗೆಗೆ ತಂಪು."

ಬಿಳಿ ಕೂದಲಿನಾಕೆ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟಳು.

"ಬಹಳ ಚೆನ್ನಾಗಿದೆ. ಇದರಲ್ಲಿ ಲಾಸ್ಟ್ ನೇಮ್ ಯಾವುದು?"

ಜಯಾಗೆ ನಗು ತಡೆಯಲಾಗಲಿಲ್ಲ. "ರಘೋತ್ತಮ," ಎಂದಳು. ಎರಡನೆಯ ಸಲ ಒಡಪು ಬೇಕಾಗಲಿಲ್ಲ. ಮೂರನೆಯ ಸಲ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು. ಆಕೆ ಪುಟದ ಮೇಲೆ ಬೆರಳೋಡಿಸಿ, ಹುಡುಕಿ, ಸಹಿ ಮಾಡಲು ಪೆನ್ನು ಕೊಟ್ಟಳು.

ರಘೋತ್ತಮ ತಲೆಯ ಮೇಲಿನ ಉಣ್ಣೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಆ ಹೆಸರಿನಿಂದ ಅವನನ್ನು ತಾಯಿ ಕರೆದಿದ್ದಳು, ಮೇಷ್ಟ್ರು ಕರೆದಿದ್ದರು, ಆಫೀಸಿನವರು ಮುರಿದು ಮುದ್ದೆ ಮಾಡಿ ಕರೆಯುತ್ತಿದ್ದರು. ಹೆಂಡತಿಯ ದನಿಯಲ್ಲಿ ಅದು ಹೇಗಿರುತ್ತದೆಂದು ಅವನಿಗೆ ಅಂದೇ ತಿಳಿದದ್ದು. ಬಾಯಿಗೆ ಬಂದದ್ದನ್ನೇ ಹೇಳಿದ.

"ಜಯಾ, ಎಡಗಡೆ ಮೇಲಿರೋ ಲಿವರ್—"

"ಇಲ್ಲಿ ಹಾಗೆಲ್ಲ ಹೇಳಿಕೊಡುವಂತಿಲ್ಲ, ಸರ್," ಎಂದಳು ಬಿಳಿ ಕೂದಲಿನಾಕೆ.

ಜಯಾ ಯಂತ್ರದ ಮುಂದೆ ನಿಂತು ದೊಡ್ಡ ಹಿಡಿಕೆ ಎಳೆದಳು. ಬೆನ್ನ ಹಿಂದೆ ಪರದೆ ಮುಚ್ಚಿಕೊಂಡಿತು. ಒಂದೇ ಲಿವರಿನಲ್ಲಿ ಮುಗಿಯುವ ಕೆಲಸ ಅವಳಿಗೆ ಬೇಕಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಒಂದೊಂದು ಹೆಸರನ್ನೂ ಓದಿದಳು. ಓದಿದವರಲ್ಲಿ ತನಗೆ ಸರಿ ಕಂಡವರ ಮುಂದಿನ ಸಣ್ಣ ಲಿವರನ್ನು ಕೆಳಗೆ ಮಾಡಿದಳು. ಒಮ್ಮೆ ಈ ಸಾಲು, ಒಮ್ಮೆ ಆ ಸಾಲು. ಪರದೆಯ ಕೆಳಗೆ ನೀಲಿ ಸೀರೆಯ ಅಂಚೂ ಅವಳ ಬೂಟೂ ಕಾಣುತ್ತಿದ್ದವು. ಅವು ಬಹಳ ಹೊತ್ತು ಅಲುಗಲಿಲ್ಲ. ಪಕ್ಕದ ಯಂತ್ರದಲ್ಲಿ ಇಬ್ಬರು ಬಂದು ಹೋದರು. ರಘೋತ್ತಮನೂ ಒಳಗೆ ಹೋಗಿ ಹೊರಗೆ ಬಂದ. ಅವಳು ಹಿಡಿಕೆಯನ್ನು ಹಿಂದಕ್ಕೆ ತಳ್ಳಿದಾಗ ಯಂತ್ರ ಒಳಗಿನಿಂದ ಗಡಗಡನೆ ಎಣಿಸಿಕೊಂಡಿತು. ಕಾರ್ಖಾನೆಯಲ್ಲಿ ಒಂದು ಸೀಟು ಪೂರ್ತಿ ಹೊಲಿದು ತಿರುಗಿಸಿ ನೋಡುವಾಗ ಆಗುವ ಸಂತೋಷ ಅವಳ ಮುಖದಲ್ಲಿತ್ತು.

ಹೊರಗೆ ಕಾರುಗಳ ನಡುವೆ ಬದರೀನಾಥ ಸಿಕ್ಕ. ಅವನೂ ಆಗತಾನೆ ಬಂದಿದ್ದ. ಬಿಸಿಲು ಶಾಲೆಯ ಮಾಡಿನ ಹಿಂದೆ ಇಳಿಯುತ್ತಿತ್ತು.

"ಎಷ್ಟು ಹೊತ್ತು ಒಳಗೆ?" ಎಂದ ರಘೋತ್ತಮ. "ಯಾರಿಗೆ ಹಾಕಿದೆ?"

"ಹಾಕಿದೆ."

"ಅದೇ, ಯಾರಿಗೆ?"

"ಮೋರಿಯವರಿಗೆ ಹಾಕಿದೆ. ಅದೊಂದು ಹೇಳ್ತೀನಿ. ಅವರು ಬೇಸ್‌ಮೆಂಟಿಗೆ ಇಳಿದು ನೋಡಿದ್ರು."

"ಅವನು ಆನೆಯೋ ಕತ್ತೆಯೋ?"

"ಬೂಟು ಹಾಕಿದ್ರು."

ಬದರೀನಾಥ ಜೋರಾಗಿ ನಕ್ಕ. "ಬಿಡಯ್ಯಾ, ಅತ್ತಿಗೆ ಹೇಳಲ್ಲ."

"ಅಲ್ಲ ಕಣೇ, ಇಷ್ಟೆಲ್ಲ ಮಾಡಿ ನಮ್ಮಿಬ್ಬರದೂ ಕ್ಯಾನ್ಸಲ್ ಆಗಿದ್ರೆ?"

"ಆಗಿದ್ರೆ ನಾವಿಬ್ಬರೂ ಬಂದಿದ್ವಿ ಅಂತಾಯ್ತು," ಎಂದಳು ಜಯಾ, ಕೋಟಿನ ಗುಂಡಿ ಹಾಕಿಕೊಳ್ಳುತ್ತ.

ರಘೋತ್ತಮ ಅವಳಿಗಾಗಿ ಕಾರಿನ ಬಾಗಿಲು ತೆರೆದ. ಅದನ್ನು ಹಿಡಿದುಕೊಂಡೇ ಬದರೀನಾಥನ ಕಡೆ ತಿರುಗಿದ. "ನೋಡು, ನಾನು ಹೇಳೋದು ಏನಂದ್ರೆ, ಗಂಡ ಹೆಂಡತಿ ಅಂದ ಮೇಲೆ ಕನಿಷ್ಠ ಅಧ್ಯಕ್ಷನ ವಿಷಯದಲ್ಲಾದ್ರೂ ಒಂದು ಮಾತು... ಜಯಾ, ನೀನೇ ಹೇಳು, ಅದೊಂದಾದ್ರೂ..."

ಹೋದ ಸಲ ಕೂತು ಕಾದಿದ್ದ ಕಾರಿನ ತೆರೆದ ಬಾಗಿಲನ್ನು ದಾಟಿ ಜಯಾ ಮುಂದೆ ಹೋಗಿದ್ದಳು. ಯಾರೂ ನಡೆಯದ ಆ ಊರಿನಲ್ಲಿ, ಶಾಲೆಯ ಹುಲ್ಲಿನ ಮೇಲೆ ಸೀರೆಯ ನೆರಿಗೆ ಒಂದು ಕೈಯಲ್ಲಿ ಹಿಡಿದು, ಮನೆಯ ಕಡೆ ನಡೆದುಕೊಂಡೇ ಹೊರಟಿದ್ದಳು.