ಬಾಯಿ ಬೆಳ್ಳಗಾದ ದಿನಗಳು

ಬಿಟಿಎಂ ಲೇಔಟಿನ ಬಾಡಿಗೆ ಕೋಣೆಯಲ್ಲಿ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ನಾಲಿಗೆಯ ಮೇಲೆ ಒಡೆದ ಹಾಲಿನಂಥ ಬಿಳಿ ಪದರ ಕಂಡಿತು. ಉಜ್ಜಿದರೆ ಕೆಳಗೆ ಕೆಂಪು, ಉರಿ. ನನಗೆ ಎಚ್‌ಐವಿ ಇದೆಯೆಂದು ಗೊತ್ತಾಗಿ ಆಗಿನ್ನೂ ಸ್ವಲ್ಪವೇ ದಿನ. ಅದರ ಮಾತ್ರೆ ಶುರುವಾಗಿತ್ತು. ಹೊಸದಾಗಿ ಏನು ಕಂಡರೂ ಬಂದು ತೋರಿಸಿ ಎಂದು ಜಯನಗರದ ಡಾಕ್ಟರು ಹೇಳಿದ್ದರು. ಮತ್ತೆ ಆಸ್ಪತ್ರೆಯ ಆ ಬೆಂಚಿನ ಮೇಲೆ ಕೂರಲು ಮನಸ್ಸಾಗದೆ ಮೆಡಿಕಲ್ ಶಾಪಿನಲ್ಲಿ ಬಾಯಿಹುಣ್ಣು ಎಂದೆ. ಒಳಗೆ ಹಚ್ಚುವ ಮೌತ್ ಪೇಂಟ್ ಕೊಟ್ಟರು.

ಹಚ್ಚಿದಾಗ ಬಿಳಿ ತೆಳುವಾಗುತ್ತಿತ್ತು, ಬಿಟ್ಟರೆ ಮತ್ತೆ ಬರುತ್ತಿತ್ತು. ಆಮೇಲೆ ಚೀಪುವ ಗುಳಿಗೆ ತಂದೆ. ಅದು ಬಾಯಲ್ಲಿ ನಿಧಾನವಾಗಿ ಕರಗಬೇಕು. ನನ್ನದು ಕಸ್ಟಮರ್ ಕೇರ್ ಕೆಲಸ. ಅರ್ಧ ಕರಗುವಷ್ಟರಲ್ಲಿ ಕಾಲ್ ಬರುತ್ತಿತ್ತು, ಉಗುಳಿ ಮಾತಾಡುತ್ತಿದ್ದೆ.

ಅಷ್ಟರಲ್ಲಿ ಗದಗದಿಂದ ಅವ್ವ ಬಂದಳು. ನನ್ನ ಪುಟ್ಟ ಒಲೆಯ ಮೇಲೆ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಮೆಣಸಿನಕಾಯಿ ಅರೆದ ಕೆಂಪು ಹಿಂಡಿ ಇಟ್ಟು ಕರೆದಳು. ಮೊದಲ ತುತ್ತಿಗೇ ಬಾಯಿ ಉರಿದು ಕಣ್ಣಲ್ಲಿ ನೀರು ಬಂತು.

"ಆಫೀಸಿನ್ಯಾಗ ಉಂಡ ಬಂದೀನಿ ಅವ್ವ," ಎಂದೆ.

ಮರುದಿನವೂ ಅದನ್ನೇ ಹೇಳಿದೆ. ಅವಳು ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು. "ಬೆಂಗಳೂರಿಗೆ ಬಂದ ಮ್ಯಾಲ ನನ್ನ ಅಡಗಿ ಸೇರವಲ್ದು ನಿನಗ."

ಅಲ್ಲ ಎನ್ನಬೇಕಿತ್ತು. ಅಲ್ಲ ಎಂದರೆ ಮತ್ತೇನು ಎಂದು ಕೇಳುತ್ತಿದ್ದಳು. ಫೋನ್ ಹಿಡಿದು ಹೊರಗೆ ಹೋದೆ. ಅವಳು ಉಳಿದ ರೊಟ್ಟಿಯನ್ನು ಕೆಳಗಿನ ಮನೆ ಆಂಟಿಗೆ ಕೊಟ್ಟು, ಅಂದುಕೊಂಡದ್ದಕ್ಕಿಂತ ಮುಂಚೆಯೇ ಊರಿನ ಬಸ್ಸು ಹತ್ತಿದಳು.

ನೀರು ನುಂಗಿದರೂ ಎದೆ ನೋಯಲು ಶುರುವಾದಾಗ ಡಾಕ್ಟರ ಹತ್ತಿರ ಹೋದೆ. ಅವರು ಟಾರ್ಚ್ ಹಾಕಿ ನೋಡಿದರು.

"ಇದು ಫಂಗಸ್. ಪೇಂಟು, ಚೀಪೋ ಗುಳಿಗೆ ತಾಗಿದ ಕಡೆ ಮಾತ್ರ ಕೆಲಸ ಮಾಡತ್ವೆ. ಬರೀ ಬಾಯಲ್ಲಿದ್ದಿದ್ರೆ, ಸರಿಯಾಗಿ ತಗೊಂಡಿದ್ರೆ, ಸಾಕಾಗ್ತಿತ್ತೇನೋ. ನಿಮಗೆ ಅನ್ನನಾಳಕ್ಕೂ ಇಳಿದಿರೋ ಹಾಗಿದೆ. ನುಂಗೋ ಔಷಧಿ ರಕ್ತದ ಮೂಲಕ ಅಲ್ಲಿಗೂ ಹೋಗತ್ತೆ." ಫ್ಲುಕೊನಜೋಲ್ ಬರೆದುಕೊಟ್ಟರು. "ಎಚ್‌ಐವಿ ಮಾತ್ರೆ ಮಾತ್ರ ತಪ್ಪಿಸಬೇಡಿ. ಮೈಯಲ್ಲಿ ರೋಗ ತಡೆಯೋ ಶಕ್ತಿ ಬರದೆ ಇದ್ರೆ ಯಾವುದು ಕೊಟ್ರೂ ಇದು ವಾಪಸ್ ಬರತ್ತೆ."

ಕೆಲವೇ ದಿನಕ್ಕೆ ಅನ್ನ ಸಾರು ಇಳಿಯತೊಡಗಿತು. ಅವ್ವನಿಗೆ ಫೋನ್ ಮಾಡಿ ಮತ್ತೆ ಬಾ ಎಂದೆ. ದೀಪಾವಳಿ ಮುಗಿಸಿ ಬರುತ್ತೇನೆಂದಳು, ದನಿ ಬಿಗಿಯಾಗಿಯೇ ಇತ್ತು. ಹಬ್ಬಕ್ಕೆ ಮೊದಲೇ ಅವಳಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು.

ಊರಿಗೆ ಹೋದೆ. ಅತ್ತಿಗೆ ಬಡಿಸಿದ್ದನ್ನು ಉಣ್ಣುತ್ತಿದ್ದೆ. ಮಂಚದ ಮೇಲಿಂದ ಅವ್ವ ನೋಡುತ್ತಿದ್ದಳು. ಅತ್ತಿಗೆ ಒಳಗೆ ಹೋದ ಮೇಲೆ ಹತ್ತಿರ ಹೋಗಿ ಕೂತೆ.

"ಅವ್ವ, ನೀ ಬಂದಾಗ ನನ್ನ ಬಾಯಿ, ಗಂಟಲ ಎಲ್ಲಾ ಹುಣ್ಣಾಗಿತ್ತು. ನುಂಗಾಕ ಬರ್ತಿರಲಿಲ್ಲ."

ಅವಳ ಮಾತು ತೊದಲುತ್ತಿತ್ತು, ಆದರೂ ತಿಳಿಯಿತು. "ಅವತ್ತ ಹೇಳಬಾರದಿತ್ತೇನೋ? ತೆಳ್ಳಗ ಗಂಜಿ ಕಾಸಿ ಕೊಡ್ತಿದ್ದೆ."

ಹುಣ್ಣು ಯಾಕಾಯಿತು ಎಂದು ಅವಳು ಕೇಳಲಿಲ್ಲ. ನಾನೂ ಇನ್ನೂ ಹೇಳಿಲ್ಲ.